ಫ್ರೀಜರಿನೊಳಗಿನ ಓಣಿಗಳು

ಹೊನ್ನಾಳಿಯಲ್ಲಿ ದನಕುರಿಗಳ ರಕ್ತ ಪರೀಕ್ಷಿಸುವ ಪುಟ್ಟ ಲ್ಯಾಬೊಂದರಲ್ಲಿ ನಾನು ಟೆಕ್ನಿಷಿಯನ್. ಫ್ರೀಜರಿನ ಸ್ಯಾಂಪಲ್ಲುಗಳ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಏರಿಸಿದವನು ನಾನೇ, ಅದರ ಜಂಬವೂ ನನ್ನದೇ. ನಮ್ಮ ಅಟೆಂಡರ್ ಅಕ್ಕ ಮಾತ್ರ ಸವಳಂಗದಿಂದ ಬಸ್ಸಿಗೆ ಬರುವಾಗ ಚೀಲದಲ್ಲಿ ತಮ್ಮದೇ ಒಂದು ನೋಟ್‌ಬುಕ್ ಇಟ್ಟುಕೊಂಡೇ ಬರುತ್ತಿದ್ದರು. ಫ್ರೀಜರಿನಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ತಾಲ್ಲೂಕಿಗೊಂದು ಡಬ್ಬಿ. ಅಕ್ಕನ ಪುಸ್ತಕದಲ್ಲಿ ಒಂದೊಂದು ಡಬ್ಬಿಯೂ ಒಂದೂರು, ಒಂದೊಂದು ಸಾಲೂ ಓಣಿ, ಒಂದೊಂದು ಟ್ಯೂಬೂ ಮನೆ. ಟ್ಯೂಬು ಹೊರಗೆ ಹೋದರೆ ‘ಮನೆ ಖಾಲಿ’ ಎಂದು ಬರೆಯುತ್ತಿದ್ದರು.

“ಅಕ್ಕಾ, ಈ ಊರಿನ ಪಂಚಾಯ್ತಿ ಎಲೆಕ್ಷನ್ ಯಾವಾಗ?” ಎಂದು ಕಿಚಾಯಿಸುತ್ತಿದ್ದೆ.

“ನಗ್ರಿ ನಗ್ರಿ. ಖಾಲಿ ಮನೆ ಬರ್ಕಳ್ದಿದ್ರೆ ಒಂದಿನ ಅದ್ರಾಗೇ ಹುಡುಕಾಕೆ ಹೋಗ್ತೀರಿ,” ಅನ್ನುತ್ತಿದ್ದರು.

ಆಯುಧಪೂಜೆ ಬಂತು. ಅಂದು ಟ್ರ್ಯಾಕ್ಟರಿನಿಂದ ಹಿಡಿದು ಅಡಿಕೆ ಕತ್ತಿಯವರೆಗೆ ಎಲ್ಲವೂ ಹೊಳೆಯಬೇಕು, ಫ್ರೀಜರ್ ಯಾಕೆ ಹಿಂದೆ ಬೀಳಬೇಕು? ಅಕ್ಕ ಹೂ ತರಲು ಹೋಗಿದ್ದಾಗ ಸ್ಪಿರಿಟ್ಟಿನ ಬಟ್ಟೆ ಹಿಡಿದು ಡಬ್ಬಿಗಳ ಮೇಲಿನ ಹಿಮವನ್ನೆಲ್ಲ ಉಜ್ಜಿದೆ. ಅಷ್ಟಕ್ಕೇ ಬಿಟ್ಟೆನೇ? ಒಳಗಿನ ಟ್ಯೂಬುಗಳ ತಲೆಯನ್ನೂ ಕೂತಲ್ಲೇ ಉಜ್ಜಿದೆ. ಬಟ್ಟೆ ನೀಲಿಯಾದ ಮೇಲೆ ನೆನಪಾಯಿತು, ಮಾರ್ಕರ್ ಶಾಯಿ ಸ್ಪಿರಿಟ್ಟಿಗೆ ನಿಲ್ಲುವುದಿಲ್ಲವೆಂದು. ಡಬ್ಬಿಗಳ ಮೇಲೆ ಊರಿನ ಹೆಸರಿಲ್ಲ, ಟ್ಯೂಬುಗಳ ಮೇಲೆ ನಂಬರಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಎಲ್ಲವನ್ನೂ ಒಳಗಿಟ್ಟು, ಬಾಗಿಲಿಗೆ ಕುಂಕುಮ ಹಚ್ಚಿ, ತುಟಿಪಿಟಕ್ ಎನ್ನದೆ ಮನೆಗೆ ಹೋದೆ.

ಹಬ್ಬ ಮುಗಿದು ಲ್ಯಾಬ್ ತೆರೆದ ದಿನವೇ ಜಗಳೂರು ಕಡೆಯ ಕುರಿ ಸಾಕುವ ಹೆಂಗಸೊಬ್ಬರು ಐಸ್ ಡಬ್ಬಿಯಲ್ಲಿ ರಕ್ತದ ಟ್ಯೂಬುಗಳನ್ನು ಹಿಡಿದು ಬಂದರು. ಅವರ ಮೂರು ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಮೂರು ವಾರದ ಹಿಂದೆ ಕೊಟ್ಟಿದ್ದ ರಕ್ತದಲ್ಲಿ ರೋಗದ ಗುರುತು ಸಣ್ಣಗೆ ಕಂಡಿತ್ತು. ಫ್ರೀಜರಿನಲ್ಲಿದ್ದ ಆ ಹಳೆಯ ರಕ್ತವನ್ನೂ ಹೊಸದನ್ನೂ ಜೊತೆಗಿಟ್ಟು ಪರೀಕ್ಷಿಸಿದರೆ ಮಾತ್ರ ರೋಗ ಏರುತ್ತಿದೆಯೋ ಇಲ್ಲವೋ ಗೊತ್ತಾಗುವುದು. ಅಲ್ಲಿಯವರೆಗೆ ಅವರ ಹಿಂಡನ್ನು ಊರವರು ದನಕುರಿಗಳು ನೀರು ಕುಡಿಯುವ ಗೋಕಟ್ಟೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

“ಕೊಡದಾಗೆ ನೀರು ಹೊತ್ತು ಕುಡಿಸ್ತಿದೀನಿ ಸರ್. ಎಷ್ಟು ದಿನ ಹೊರಾಕಾಗ್ತೈತೆ? ಇನ್ನೊಂದು ವಾರ ಹಿಂಗೇ ಆದ್ರೆ ಹಿಂಡೇ ಕೈ ಬಿಡ್ಬೇಕು,” ಎಂದರು.

ಅಕ್ಕನನ್ನು ಪಕ್ಕಕ್ಕೆ ಕರೆದು ಎಲ್ಲ ಒಪ್ಪಿಕೊಂಡೆ. ಚೆನ್ನಾಗಿ ಉಗಿಯುತ್ತಾರೆ ಎಂದುಕೊಂಡಿದ್ದೆ.

“ಅದುಕ್ಕೇ ಅಷ್ಟು ಹೊಳೀತಿತ್ತು,” ಎಂದಷ್ಟೇ ಹೇಳಿ ಅಕ್ಕ ಪುಸ್ತಕ ತೆಗೆದರು.

ನನ್ನ ಕಂಪ್ಯೂಟರಿನಲ್ಲಿ ಎಲ್ಲ ಮನೆಯೂ ತುಂಬಿತ್ತು. ಹೊರಗೆ ತೆಗೆದ ಟ್ಯೂಬುಗಳನ್ನು ಅಳಿಸುವ ಗೋಜಿಗೇ ನಾನು ಹೋಗಿರಲಿಲ್ಲ. ಅಕ್ಕ ಒಂದೊಂದೇ ಡಬ್ಬಿಯನ್ನು ಐಸಿನ ಮೇಲಿಟ್ಟು, ಟ್ಯೂಬುಗಳನ್ನು ಬಿಟ್ಟು ಖಾಲಿ ಜಾಗಗಳನ್ನೇ ಪುಸ್ತಕದ ‘ಮನೆ ಖಾಲಿ’ಗಳಿಗೆ ತಾಳೆ ನೋಡಿದರು.

“ಎರಡನೇ ಓಣಿ ನಾಕನೇ ಮನೆ ಖಾಲಿ, ಐದನೇ ಓಣಿಯಾಗೆ ಜೋಡಿ ಮನೆ ಖಾಲಿ. ಇದು ನ್ಯಾಮತಿ, ಮುಚ್ರಿ.” ಮುಂದಿನದು ಚನ್ನಗಿರಿ. ಮೂರನೆಯದಕ್ಕೆ ಅವರ ಬೆರಳು ನಿಂತಿತು. “ಏಳನೇ ಓಣಿ ಪೂರ್ತಿ ಖಾಲಿ. ಇದೇ ರೀ ಜಗಳೂರು.”

“ಡಬ್ಬಿ ತಿರುಗುಮುರುಗು ಆಗಿದ್ರೆ?” ಎಂದೆ. ಡಬ್ಬಿಯ ಒಂದು ಮೂಲೆಯಲ್ಲಿ ತಾವೇ ಬ್ಲೇಡಿನಿಂದ ಹಾಕಿದ್ದ ಕಚ್ಚು ತೋರಿಸಿದರು.

“ಇದು ಊರಬಾಗ್ಲು. ಇಲ್ಲಿಂದ ಎಣಸ್ರಿ.”

ಪುಸ್ತಕದಲ್ಲಿ ಕುರಿಯ ಹೆಂಗಸಿನ ಹೆಸರಿದ್ದ ನಾಲ್ಕನೇ ಓಣಿಯ ಮೊದಲ ಮೂರು ಟ್ಯೂಬುಗಳನ್ನು ಇಕ್ಕಳದಲ್ಲಿ ಎತ್ತಿ ನನ್ನ ಕೈಗಿಟ್ಟರು. ನನ್ನ ಡಿಪ್ಲೊಮಾ, ನನ್ನ ಕಂಪ್ಯೂಟರ್ ಎಲ್ಲವನ್ನೂ ಅಕ್ಕನ ಮುಂದೆ ನಿವಾಳಿಸಿ ಒಗೆಯಬೇಕು ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಮುಗಿಯಿತು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವಿರಲಿಲ್ಲ. ಈಗ ಹರಡುತ್ತಿರುವ ರೋಗವಲ್ಲ, ಯಾವತ್ತಿನದೋ ಹಳೆಯ ಗುರುತು ಎಂದು ನಮ್ಮ ಡಾಕ್ಟರು ಬರೆದು ಸಹಿ ಹಾಕಿದರು. ಜಗಳೂರಿನ ಹೆಂಗಸು ನನಗೆ ಕೈ ಮುಗಿದರು.

“ನನಗಲ್ಲ, ಅಕ್ಕಂಗೆ ಮುಗೀರಿ. ನಾನು ನಿಮ್ಮ ಕುರಿ ಗುರುತೆಲ್ಲ ಅಳಿಸಿ ಕೂತಿದ್ದೆ,” ಎಂದೆ.

ಅವರಿಗೆ ಅದೆಲ್ಲ ಕೇಳಿಸಲೇ ಇಲ್ಲ. ಆಗಲೇ ಮೊಬೈಲು ಕಿವಿಗಿಟ್ಟಿದ್ದರು. ಕಣ್ಣಲ್ಲಿ ನೀರು, ಲ್ಯಾಬಿನ ಗಾಜು ನಡುಗುವಷ್ಟು ದೊಡ್ಡ ದನಿ:

“ಏ, ಬಿಡ್ರೋ ಕುರೀನ! ಗೋಕಟ್ಟೆಗೇ ಬಿಡ್ರೋ, ಹೊಟ್ಟೆ ತುಂಬ ಕುಡೀಲಿ!”