ರೇಷ್ಮಾ ಬರೆಯದ ಪರೀಕ್ಷೆ

ಆ ವರ್ಷ ನಮ್ಮನ್ನು ಎಬ್ಬಿಸುತ್ತಿದ್ದದ್ದು ಶಾಲೆಯ ಗಂಟೆಯಲ್ಲ, ಅಪ್ಪನ ಹಳೆಯ ಫೋನಿನ ಟಿಣ್ ಎಂಬ ಸದ್ದು. ಗಣಿತದ ಸರ್ ಹತ್ತು ಗಂಟೆಯ ಕ್ಲಾಸಿನ ಲಿಂಕು ಕಳಿಸಿದರು ಅಂತ ಅರ್ಥ. ನನ್ನ ಓರಗೆಯವರಿಗೆ ಎಂಟನೇ ತರಗತಿ ಎಂದರೆ ನೆನಪಾಗುವುದು ಇಷ್ಟೇ: ಬಿಸಿಯಾದ ಫೋನು, ಕತ್ತರಿಸಿ ಕತ್ತರಿಸಿ ಬರುವ ದನಿ, ಪೆಟ್ಟಿಗೆಯಲ್ಲೇ ಉಳಿದ ಯೂನಿಫಾರ್ಮು.

ಉಣಕಲ್ಲಿನ ಹಳೆ ಊರಿನೊಳಗೆ ನಮ್ಮ ಮನೆ. ಧಾರವಾಡದ ರಸ್ತೆಯಲ್ಲಿ ಬಸ್ಸುಗಳೇ ಇಲ್ಲವಾಗಿ, ಕೆರೆಯ ಕಡೆಯಿಂದ ಹಕ್ಕಿ ಕೂಗಿದ್ದು ಅಡುಗೆಮನೆಗೆ ಕೇಳುತ್ತಿತ್ತು. ಓಣಿಯಲ್ಲಿ ಯಾರ ಮನೆ ಮುಂದೆ ಹಾದರೂ ಶುಂಠಿ, ಮೆಣಸಿನ ಕಷಾಯದ ಘಾಟು. ಅಜ್ಜಿಗೆ ದಮ್ಮಿನ ಕಾಯಿಲೆ. ಮೂರು ಹೊತ್ತೂ ನೀಲಗಿರಿ ಎಣ್ಣೆಯ ಹಬೆ ತೆಗೆದುಕೊಳ್ಳುತ್ತಿದ್ದಳು. ಅವಳಿಗೇನಾದರೂ ತಗುಲೀತು ಎಂದು ಅವ್ವ ಹೊರಗಿನ ಒಂದು ನೊಣವನ್ನೂ ಒಳಗೆ ಬಿಡುತ್ತಿರಲಿಲ್ಲ. ನಾವು ಹುಡುಗಿಯರು ಕುಂಟಾಬಿಲ್ಲಿಗೆ ಗೆರೆ ಎಳೆದರೆ ಎದುರು ಮನೆಯವರು ಬಾಗಿಲಲ್ಲಿ ನಿಂತು, "ಏ, ಒಳಗ ಹೋಗ್ರ್ಯಲೇ, ಸಾಯ್ತೀರಿ!" ಎಂದು ಒದರುತ್ತಿದ್ದರು.

ಆನ್‌ಲೈನ್ ಕ್ಲಾಸು ಶುರುವಾದ ಎರಡನೇ ದಿನ ರೇಷ್ಮಾ ಬಂದಳು. ಒಂದನೇ ಇಯತ್ತೆಯಿಂದ ನನ್ನ ಪಕ್ಕದಲ್ಲೇ ಕೂತು ಬೆಳೆದವಳು, ಅಕ್ಷತಾ ಎನ್ನುವ ನನ್ನನ್ನು ಅಕ್ಕೂ ಎಂದು ಕರೆಯುವವಳು. ಅವಳ ಅಬ್ಬಾ ಬೈರಿದೇವರಕೊಪ್ಪದಲ್ಲಿ ಬೈಕು ರಿಪೇರಿಯ ಗ್ಯಾರೇಜು ಇಟ್ಟಿದ್ದರು, ಈಗ ಅದು ಮುಚ್ಚಿತ್ತು. ಅವರ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು ಒಂದೇ. ಮುಖಕ್ಕೆ ಓಢಣಿ ಸುತ್ತಿಕೊಂಡು, ಎದೆಗೆ ನೋಟ್‌ಬುಕ್ ಅವಚಿಕೊಂಡು ಬಾಗಿಲಲ್ಲಿ ನಿಂತು ಕೇಳಿದಳು.

"ಅಕ್ಕೂ, ನಾನೂ ಕೇಳ್ಲೇನು ಕ್ಲಾಸು?"

ನನಗಿಂತ ಮೊದಲು ಅವ್ವನೇ ಹೊರಗೆ ಬಂದಳು. "ಕೇಳ ಬೇ, ಯಾಕ ಬ್ಯಾಡ ಅನ್ಲಿ. ಒಳಗ ಮಾತ್ರ ಬರಬ್ಯಾಡ, ಅಜ್ಜಿಗೆ ಆರಾಮಿಲ್ಲ. ಕಟ್ಟಿ ಮ್ಯಾಲ ಕುಂಡ್ರು, ಅಕಿ ಕಿಟಕ್ಯಾಗ ಫೋನ್ ಇಡ್ತಾಳ."

ಹಾಗೆ ನಮ್ಮ ಶಾಲೆ ನಡೆಯಿತು. ಕಿಟಕಿಯ ಒಳಗೆ ನಾನು, ಹೊರಗೆ ಕಟ್ಟೆಯ ಮೇಲೆ ಅವಳು, ಸರಳುಗಳ ನಡುವೆ ಒರಗಿಸಿದ ಫೋನು. ಡೇಟಾ ಉಳಿಸಲಿಕ್ಕೆ ಯಾರೂ ವಿಡಿಯೋ ಹಾಕುತ್ತಿರಲಿಲ್ಲ. ಸರ್‌ಗೆ ಕಾಣುತ್ತಿದ್ದದ್ದು ನನ್ನ ಹೆಸರು ಮಾತ್ರ.

ಮೊದಲ ವಾರ ಅಪವರ್ತನಗಳ ಪಾಠ. ಸರ್ ಒಂದು ಲೆಕ್ಕ ಹೇಳಿ, "ಅಕ್ಷತಾ, ನೀ ಹೇಳವಾ" ಎಂದರು. ನನಗೆ ತಲೆಬುಡ ತಿಳಿದಿರಲಿಲ್ಲ. ಹೊರಗಿನಿಂದ ರೇಷ್ಮಾ ಪಿಸುಗುಟ್ಟಿದಳು: "ಕೂಡಿದ್ರ ಏಳು ಬರ್ಬೇಕು, ಗುಣಿಸಿದ್ರ ಹನ್ನೆರಡು. ಮೂರು, ನಾಕು." ನಾನು ಅದನ್ನೇ ಗಟ್ಟಿಯಾಗಿ ಹೇಳಿದೆ.

"ಭಲೇ! ನೋಡ್ರಿ, ಮನ್ಯಾಗ ಕುಂತ್ರೂ ಹೆಂಗ ಕಲಿಯಾಕತ್ತಾಳ ಹುಡುಗಿ!"

ಆ ಸರ್ ಬಾಯಿಂದ ಭಲೇ ಅನ್ನಿಸಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಫೋನು ಬಂದ್ ಮಾಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಫೋನ್ ನಿಂದು, ಉತ್ತರ ನಂದು. ಬರಾಬರಿ ಆತು ತಗೋ" ಎಂದಳು ರೇಷ್ಮಾ. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ನಾನೂ ಇಲ್ಲೇ ಅದೇನಿ ಅಂತ ಸರ್‌ಗೆ ಒಂದ್ ಮಾತು ಹೇಳು" ಎಂದಳು.

ಮರುದಿನ ಹೇಳಲು ಹೋದೆ, ಸುಳ್ಳಲ್ಲ. "ಸರ್, ರೇಷ್ಮಾನೂ..." ಎನ್ನುವಷ್ಟರಲ್ಲಿ ದನಿ ಕಡಿಯಿತು. "ಏನೂ ಕೇಳಸವಲ್ದು, ಮ್ಯೂಟ್ ಮಾಡ್ರಿ ಎಲ್ಲಾರೂ" ಎಂದರು ಸರ್. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಮತ್ತೊಂದು ಭಲೇ ಬಂತು. ಅದರ ಮರುದಿನ ಇನ್ನೊಂದು. ಹೋಂವರ್ಕಿನ ಫೋಟೋ ತೆಗೆದು ಕಳಿಸಬೇಕಿತ್ತಲ್ಲ, ಮೊದಲ ದಿನ ಇಬ್ಬರದೂ ತೆಗೆದೆ. ಚಾರ್ಜು ಮುಗಿಯುತ್ತ ಬಂತೆಂದು ನನ್ನದಷ್ಟೇ ಕಳಿಸಿದೆ. ಆಮೇಲೆ ಚಾರ್ಜು ಇದ್ದರೂ ನನ್ನದಷ್ಟೇ ಕಳಿಸಿದೆ. ನನ್ನದು ಅನ್ನುವುದಾದರೂ ಏನು, ಅವಳದನ್ನೇ ನೋಡಿ ಬರೆದದ್ದು. "ಸರ್‌ಗ ಹೇಳ್ದೇನು?" ಎಂದು ರೇಷ್ಮಾ ಕೇಳಿದಾಗ, "ಹೇಳೇನಿ" ಎಂದೆ. ಅದೇ ಮೊದಲನೇ ಸುಳ್ಳು. ಹೇಳುವಾಗ ಸುಳ್ಳು ಅನ್ನಿಸಿರಲಿಲ್ಲ. ಮುಂದೂಡಿದ ಕೆಲಸ ಅನ್ನಿಸಿತ್ತು.

ಕ್ಲಾಸು ಮುಗಿದ ಮೇಲೂ ಅವಳು ಲಗೂ ಏಳುತ್ತಿರಲಿಲ್ಲ. ಅವ್ವ ಒಂದು ತಾಟಿನಲ್ಲಿ ಹುರಿದ ಶೇಂಗಾ, ಬೆಲ್ಲ ಇಟ್ಟು ಕಟ್ಟೆಯ ಆ ತುದಿಗೆ ಸರಿಸುತ್ತಿದ್ದಳು. ರೇಷ್ಮಾ ಆ ಶೇಂಗಾ ಕಾಳುಗಳನ್ನು ಕಲ್ಲಿನ ಮೇಲೆ ಸಾಲಾಗಿ ಜೋಡಿಸಿ, ಮೂರರ ಸಾಲು, ನಾಲ್ಕರ ಸಾಲು ಮಾಡಿ ನನಗೆ ಲೆಕ್ಕ ತಿಳಿಸಲು ನೋಡುತ್ತಿದ್ದಳು. ನಾನು ತಲೆಯಾಡಿಸಿದರೆ, "ಖರೇ ತಿಳೀತೋ, ಇಲ್ಲಾ ಸುಮ್ನ ಗೋಣ ಹಾಕಾಕತ್ತಿಯೋ?" ಎಂದು ಕಣ್ಣು ಕಿರಿದು ಮಾಡುತ್ತಿದ್ದಳು. ನಾನು ಸುಮ್ಮನೆ ಗೋಣು ಹಾಕುತ್ತಿದ್ದೆ. ಉತ್ತರ ಹೊರಗಿನಿಂದ ಬರುವಾಗ ತಿಳಿದುಕೊಳ್ಳುವ ಅಗತ್ಯವೇನಿತ್ತು?

ಚಳಿ ಶುರುವಾದ ದಿನಗಳಲ್ಲಿ ಒಂದು ಸಂಜೆ ಸರ್ ನೇರವಾಗಿ ಫೋನ್ ಮಾಡಿದರು. ಆಗ ರೇಷ್ಮಾ ಇರಲಿಲ್ಲ. ಎಂಟನೇ ತರಗತಿಯ ಮಕ್ಕಳಿಗಷ್ಟೇ ಇರುವ ವಿದ್ಯಾರ್ಥಿವೇತನದ ಪರೀಕ್ಷೆಯೊಂದಿತ್ತು. ಅದರಲ್ಲಿ ಪಾಸಾದವರಿಗೆ ಪಿಯುಸಿ ಮುಗಿಯುವವರೆಗೂ ಓದಿನ ಚಿಂತೆ ಇರುವುದಿಲ್ಲ ಎಂದು ಏಳನೇ ತರಗತಿಯಲ್ಲೇ ಸರ್ ಹೇಳಿದ್ದರು. ಆಗಿನಿಂದಲೇ ರೇಷ್ಮಾ ಅದರ ಜಪ ಮಾಡುತ್ತಿದ್ದಳು.

"ಅಕ್ಷತಾ, ಅರ್ಜಿಗೆ ನಾಳೆ ಕಡೀ ದಿನ. ನಿನ್ನ ಹೆಸರು ಬರಕೊಂಡೇನಿ" ಎಂದರು ಸರ್. "ಆ ರೇಷ್ಮಾ ಎಲ್ಲಿದ್ದಾಳವಾ? ಒಂದು ಕ್ಲಾಸಿಗೂ ಬಂದಿಲ್ಲ. ಅವರಪ್ಪನ ಫೋನ್ ಹತ್ತವಲ್ದು. ಊರು ಬಿಟ್ಟು ಹೋದ್ರೋ ಏನೋ. ನಿನಗೇನರ ಗೊತ್ತೈತೇನು?"

ಗೊತ್ತಿದೆ ಎಂದರೆ, ದಿನಾ ನಮ್ಮ ಕಟ್ಟೆಯ ಮೇಲೇ ಕೂರುತ್ತಾಳೆ ಎನ್ನಬೇಕು. ಹಾಗೆಂದರೆ ಅಷ್ಟೂ ಭಲೇಗಳು ಯಾರವು ಎಂದು ಸರ್‌ಗೆ ಮರುಗಳಿಗೆಯಲ್ಲೇ ತಿಳಿಯುತ್ತಿತ್ತು.

"ಗೊತ್ತಿಲ್ರಿ ಸರ್" ಎಂದೆ.

"ಪಾಪ, ಶಾಣ್ಯಾ ಹುಡುಗಿ" ಎಂದು ಸರ್ ಫೋನ್ ಇಟ್ಟರು.

ಮರುದಿನ ರೇಷ್ಮಾ ಕೂತ ಕೂಡಲೇ ಕೇಳಿದಳು. "ಪರೀಕ್ಷಾದ ಅರ್ಜಿ ಯಾವಾಗಂತ? ಸರ್ ಏನರ ಅಂದ್ರೇನು? ಅಬ್ಬಾನ ಸಹಿ ಮೊದ್ಲೇ ಮಾಡಿಸಿ ಇಡ್ತೇನಿ."

"ಈ ವರ್ಷ ಇಲ್ಲಂತ. ಕೊರೊನಾ ಐತೆಲ್ಲ."

ಅವಳು ನೋಟ್‌ಬುಕ್ಕಿನ ಅಂಚು ಮಡಚಿದಳು. "ಇರ್ಲಿ ಬಿಡು, ಎಲ್ಲಾರಿಗೂ ಇಲ್ಲಂದ್ರ ಏನ್ ಮಾಡೂದು" ಎಂದಳು. ಆ ದಿನವೂ ನನಗೆ ಉತ್ತರ ಹೇಳಿಕೊಟ್ಟಳು.

ಪರೀಕ್ಷೆಯ ದಿನ ಅಪ್ಪ ನನ್ನನ್ನು ಬೈಕಿನಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋದರು. ಮೂಗಿನ ಮೇಲೆ ಮಾಸ್ಕು, ಕೈಗೆ ಸ್ಯಾನಿಟೈಸರಿನ ವಾಸನೆ, ಬೆಂಚಿಗೊಬ್ಬರು. ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಕಿವಿಗೆ ಯಾರೂ ಏನೂ ಹೇಳದಿದ್ದಾಗ ನಾನೆಷ್ಟು ಖಾಲಿ ಎಂದು ಮೊದಲ ಸಲ ಗೊತ್ತಾಯಿತು. ಕಣ್ಣುಮುಚ್ಚಿ ತೋಚಿದ ವೃತ್ತಕ್ಕೆ ಮಸಿ ತುಂಬಿ ಬಂದೆ. ಪಾಸಾಗಲಿಲ್ಲ, ಆ ಮಾತು ಬೇರೆ.

ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. "ರೇಷ್ಮಾ ಬಂದಿದ್ಲು. ನಮ್ಮಾಕಿ ಸ್ಕಾಲರ್‌ಶಿಪ್ ಪರೀಕ್ಷಾಕ್ಕ ಧಾರವಾಡಕ್ಕ ಹೋಗ್ಯಾಳ, ನೀ ಯಾಕ ಹೋಗಿಲ್ಲವಾ ಅಂದೆ. ಹಂಗ ತಿರುಗಿ ಹೋದ್ಲು. ಶೇಂಗಾ ಕೊಟ್ರೂ ತಗೊಳ್ಳಿಲ್ಲ. ಜಗಳಾಡೀರೇನು?"

"ಇಲ್ಲ" ಎಂದೆ.

ಮರುದಿನ ಹತ್ತು ಗಂಟೆಗೆ ಕಟ್ಟೆ ಖಾಲಿಯಿತ್ತು. ಅದರ ಮರುದಿನವೂ. ಮೂರು ಓಣಿ ದಾಟಿದರೆ ಅವಳ ಮನೆ. ನಾನು ಎರಡು ಓಣಿ ದಾಟಿ, ಹಿಟ್ಟಿನ ಗಿರಣಿಯ ತನಕ ಹೋಗಿ ವಾಪಸು ಬಂದೆ. ಹೀಗೆ ಮೂರು ನಾಲ್ಕು ಸಲ ಆಯಿತು. ಸರ್ ಪ್ರಶ್ನೆ ಕೇಳಿದರೆ ಈಗ ನಾನೇ ನೆಟ್‌ವರ್ಕ್ ಇಲ್ಲ ಎಂದು ಫೋನ್ ಬಂದ್ ಮಾಡುತ್ತಿದ್ದೆ.

ಶಾಲೆ ತೆರೆದ ದಿನ ಗೋಡೆಗೆಲ್ಲ ಹೊಸ ಸುಣ್ಣದ ವಾಸನೆ. ರೇಷ್ಮಾ ಬಂದಿದ್ದಳು, ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಸರ್ ಕಪ್ಪು ಹಲಗೆಯ ಮೇಲೆ ಒಂದು ಅಪವರ್ತನದ ಲೆಕ್ಕ ಬರೆದು, ದೊಡ್ಡ ನಗೆಯಿಂದ, "ಬಾರವಾ ಅಕ್ಷತಾ, ಎಲ್ಲಾರಿಗೂ ತೋರಿಸು" ಎಂದರು. ನಾನು ಸೀಮೆಸುಣ್ಣ ಹಿಡಿದು ನಿಂತೆ. ನಿಂತೇ ಇದ್ದೆ. ಕೊನೆಗೆ ಸರ್ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಮೆತ್ತಗೆ ಹೇಳಿದರು, "ಇರ್ಲಿ, ಇರ್ಲಿ. ಇಷ್ಟು ತಿಂಗಳು ಸಾಲಿ ಇಲ್ಲ. ಎಲ್ಲಾ ಮಕ್ಕಳೂ ಮರತಾವ. ನಿನ್ನ ತಪ್ಪಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷ ಎಲ್ಲ ತಪ್ಪುಗಳಿಗೂ ಒಂದೇ ಹೆಸರಿತ್ತು. ನನ್ನದೂ ಅದರೊಳಗೆ ಮುಚ್ಚಿಹೋಯಿತು.

ಆಮೇಲೆ ಸರ್ ರೇಷ್ಮಾಳನ್ನು ಕರೆದರು. ಅವಳು ಬಂದು, ನನ್ನತ್ತ ನೋಡದೆ, ಮೂರು ಸಾಲಿನಲ್ಲಿ ಲೆಕ್ಕ ಮುಗಿಸಿದಳು. ಸರ್ ಬೆರಗಾಗಿ ನಿಂತರು.

"ಎಲ್ಲಿದ್ದೆವಾ ಇಷ್ಟ ದಿನ?"

"ಇಲ್ಲೇ ಇದ್ನಿರಿ ಸರ್."

"ಇಲ್ಲೇ ಇದ್ದಾಕಿ ಒಂದು ಮಾತು ತಿಳಿಸಬಾರದಾಗಿತ್ತೇನು? ಪರೀಕ್ಷಾಕ್ಕ ನಿನ್ನ ಹೆಸರು ಕಳಸ್ತಿದ್ನೆಲ್ಲ!"

ನಾನು ಬೆಂಚಿನ ಹಲಗೆ ಗಟ್ಟಿಯಾಗಿ ಹಿಡಿದುಕೊಂಡೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ. ರೇಷ್ಮಾ ಕೈಗೆ ಅಂಟಿದ ಸುಣ್ಣದ ಪುಡಿ ಒರೆಸಿಕೊಂಡಳು. "ತಪ್ಪಾತ್ರಿ ಸರ್" ಎಂದಳು. ಹೋಗಿ ತನ್ನ ಜಾಗದಲ್ಲಿ ಕೂತಳು.

ಮುಂದಿನ ವರ್ಷ ಗ್ಯಾರೇಜು ಮತ್ತೆ ಏಳಲೇ ಇಲ್ಲ. ಅವರ ಮನೆಯವರೆಲ್ಲ ಗದಗಿಗೆ, ಅವಳ ನಾನಿಯ ಮನೆಗೆ ಹೋದರು. ಆ ದಿನ ನಾನು ಕ್ಲಾಸಿನಲ್ಲಿ ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಸರ್‌ಗೆ ವರ್ಗವಾಗುವ ತನಕವೂ ಹೇಳಬಹುದಿತ್ತು. ಹೇಳಲಿಲ್ಲ.

ಈಗ ನಾನು ಧಾರವಾಡದಲ್ಲಿ ಡಿಗ್ರಿ ಓದುತ್ತೇನೆ. ಸಂಜೆ ಓಣಿಯ ಐದಾರು ಮಕ್ಕಳಿಗೆ ಪಾಠ ಹೇಳುತ್ತೇನೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು. ಲೆಕ್ಕದ ಫೋಟೋ ತೆಗೆದರೆ ಸಾಕು, ಬಿಡಿಸಿದ ಉತ್ತರ ಬಂದು ಬೀಳುತ್ತದೆ. ಪಕ್ಕದವನ ನೋಟ್‌ಬುಕ್ಕಿಗೆ ಇಣುಕುವವರಿಲ್ಲ, ಇಣುಕಿದರೆ ಕೈ ಅಡ್ಡ ಇಡುವವರೂ ಇಲ್ಲ. ತಿಳಿಯಿತೇ ಎಂದು ಆ ಫೋನು ಕೇಳುವುದಿಲ್ಲ. ಸುಮ್ಮನೆ ಗೋಣು ಹಾಕಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಮಕ್ಕಳ ಅವ್ವಂದಿರು, "ಈಗಿನ ಹುಡುಗ್ರಿಗೆ ಏನೂ ಕಡಿಮಿ ಇಲ್ಲ ಬಿಡವಾ" ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ. ಬಿಸಿಲಿನಲ್ಲಿ ಕೂತು, ತನಗೆ ತಿಳಿದದ್ದು ಗೆಳತಿಗೂ ತಿಳಿಯಲೇಬೇಕೆಂದು ಹಟ ಹಿಡಿದವಳೊಬ್ಬಳು ನನಗೆ ಸಿಕ್ಕಿದ್ದಳು, ನಾನೇ ಕಳೆದುಕೊಂಡೆ ಎಂದು ಅವರಿಗೆ ಹೇಗೆ ಹೇಳಲಿ?

ಹೋದ ವರ್ಷ ರಮಜಾನಿನ ನಂತರ ರೇಷ್ಮಾ ತನ್ನ ಸೋದರತ್ತೆಯ ಮನೆಗೆಂದು ಉಣಕಲ್ಲಿಗೆ ಬಂದಿದ್ದಳು. ತರಕಾರಿ ಸಂತೆಯಲ್ಲಿ ಎದುರಾದಳು. ಎತ್ತರವಾಗಿದ್ದಳು. ಹತ್ತನೇ ತರಗತಿಗೆ ಓದು ನಿಂತಿತಂತೆ. ಗದಗಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಅಜ್ಜಿ ಹೇಗಿದ್ದಾಳೆ, ಅವ್ವ ಹೇಗಿದ್ದಾಳೆ ಎಂದೆಲ್ಲ ಕೇಳಿದಳು.

"ರೇಷ್ಮಾ, ಅವಾಗ ನಾ..."

"ಬಿಡ, ಸಣ್ಣವ್ರಿದ್ವಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೆಂತ್ಯೆಸೊಪ್ಪಿನ ಸಿವುಡನ್ನು ಚೀಲಕ್ಕೆ ಹಾಕಿಕೊಂಡು ಹೊರಟವಳು ಮತ್ತೆ ತಿರುಗಿ ನಿಂತಳು. ಎಷ್ಟೋ ದಿನದಿಂದ ಕೇಳಬೇಕೆಂದು ಇಟ್ಟುಕೊಂಡಿದ್ದವಳ ಹಾಗೆ, ತುಸು ನಾಚಿಕೊಂಡು ಕೇಳಿದಳು.

"ಅಕ್ಕೂ, ಆ ಪೇಪರ್‌ನ್ಯಾಗ ಏನೇನು ಲೆಕ್ಕಾ ಕೇಳಿದ್ರು?"

ನಾನು ಬಹಳ ಹೊತ್ತು ಯೋಚಿಸಿದೆ. ಅವಳು ಕಾದು ನಿಂತಳು. ನನಗೆ ಒಂದು ಪ್ರಶ್ನೆಯೂ ನೆನಪಿರಲಿಲ್ಲ.