ತಡವಾಗಿ ತಿರುಗುವ ಕಾರು

ಬೀದಿಯವರೆಲ್ಲ ಆಕೆಯನ್ನು ಕರೆಯುವುದು ಕತ್ತರಿ ಅಕ್ಕ ಎಂದೇ. ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕೋಟಿನ ಬಟ್ಟೆಗೆ ಧೈರ್ಯವಾಗಿ ಕತ್ತರಿ ಹಾಕುವವರು ಆ ಬೀದಿಯಲ್ಲಿ ಆಕೆಯೊಬ್ಬಳೇ. ಮೂಗಿನ ತುದಿಯಲ್ಲೇ ಕೋಪ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈಯುವ ವಿದ್ಯೆ ಆಕೆಗೆ ಒಲಿದಿತ್ತು. ಬೈಸಿಕೊಂಡವರೂ ಮುಂದಿನ ಕೋಟಿಗೆ ಅಲ್ಲಿಗೇ ಬರುತ್ತಿದ್ದರು.

ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಆಕೆ ಮಾಡುತ್ತಿದ್ದ ಕೆಲಸವನ್ನು ಹೇಳಿದರೆ ಗಿರಾಕಿಗಳು ನಂಬುವುದಿಲ್ಲ. ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿ, ಕಿವಿಗೆ ಇಯರ್‌ಬಡ್ ಸಿಕ್ಕಿಸಿ, ಕಂಟ್ರೋಲರ್ ಹಿಡಿದು, ಬೇರೆ ಊರಿನಲ್ಲಿದ್ದ ತಂಗಿಯ ಜೊತೆ ಕಾರ್ ರೇಸ್ ಆಡುತ್ತಿದ್ದಳು. ಆ ಆಟ ಫೋನಿನೊಳಗೆ ಇರಲಿಲ್ಲ. ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಓಡುತ್ತಿತ್ತು, ಇಲ್ಲಿಗೆ ಬರುತ್ತಿದ್ದುದು ಚಿತ್ರ ಮಾತ್ರ. ಅಕ್ಕನ ಹೆಬ್ಬೆರಳು ಒತ್ತಿದ್ದು ಕಂಟ್ರೋಲರಿನಿಂದ ಫೋನಿಗೆ, ಫೋನಿನಿಂದ ಆ ಕಂಪ್ಯೂಟರಿಗೆ ಹೋಗಿ, ತಿರುಗಿದ ಕಾರಿನ ಚಿತ್ರವಾಗಿ ವಾಪಸು ಬರಬೇಕು.

ಕಾರು ತಿರುಗುತ್ತಿತ್ತು, ಆದರೆ ತಡವಾಗಿ. ಒಂದೊಂದು ಸಲ ತುಸು ತಡ, ಒಂದೊಂದು ಸಲ ತೀರಾ ತಡ. ತಿರುವು ಬಂತೆಂದರೆ ಹೊರಗಿನ ಗೋಡೆಗೆ ಢಿಕ್ಕಿ.

"ವೈ-ಫೈ ಸರಿಯಿಲ್ಲ ಕಣೇ," ಎನ್ನುತ್ತಿದ್ದಳು ಅಕ್ಕ.

"ಹೌದೌದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ತಂಗಿ ಕಿವಿಯೊಳಗೇ ನಗುತ್ತಿದ್ದಳು.

ತಮಾಷೆಯ ಮಾತು ತಮಾಷೆಯಾಗಿ ಉಳಿಯಲಿಲ್ಲ. ಅದೇ ದಿನಗಳಲ್ಲಿ ಅಕ್ಕ ಒಬ್ಬರ ಕೋಟಿನ ತೋಳನ್ನು ಗಿಡ್ಡ ಕತ್ತರಿಸಿಬಿಟ್ಟಳು. ಹಾಗೆ ಆದದ್ದು ಅದೇ ಮೊದಲು. ಗಿರಾಕಿ ಪಾಪ, ಹೋಗಲಿ ಬಿಡಿ ಅಂದರು. ಅಕ್ಕ ಬಿಡಲಿಲ್ಲ. ಹಗಲಿನ ತೋಳನ್ನೂ ಸಂಜೆಯ ಕಾರನ್ನೂ ಒಂದೇ ದಾರದಲ್ಲಿ ಹೊಲಿದು, ತನ್ನ ಕೈ ಸೋತಿದೆ ಎಂದು ತೀರ್ಮಾನಿಸಿದಳು. ಮನುಷ್ಯರು ತಮ್ಮ ವಿರುದ್ಧ ಸಾಕ್ಷಿ ಹುಡುಕಹೊರಟರೆ ಎಷ್ಟು ಬೇಗ ಸಿಗುತ್ತದೆ ನೋಡಿ!

"ಮುಂದಿನ ತಿಂಗಳಿಂದ ಕತ್ತರಿಸೋದು ನೀನೇ. ನಾನು ಗುಂಡಿ ಹೊಲೀತೀನಿ," ಎಂದಳು ಸೊಸೆಗೆ.

"ಅಯ್ಯೋ ಅತ್ತೆ, ನನ್ನ ಕೈಲಾಗಲ್ಲ," ಎಂದಳು ಸೊಸೆ. ಅಂಗಡಿಯಲ್ಲಿ ಇಸ್ತ್ರಿ, ಮಷೀನು ಎರಡೂ ಅವಳದೇ. ಅತ್ತೆ ಗಿರಾಕಿಗಳಿಗೂ ಸುದ್ದಿ ಹೇಳಿಬಿಟ್ಟಳು. ಹೇಳಿದ ರಾತ್ರಿ ಊಟ ಸೇರಲಿಲ್ಲ. ಗುಂಡಿ ಹೊಲಿಯುತ್ತ ಕೂರುವುದನ್ನು ನೆನೆದರೇ ಆಕೆಗೆ ಭಯವಾಗುತ್ತಿತ್ತು.

ಒಂದು ಸಂಜೆ ರೇಸಿನ ನಡುವೆ ಇಯರ್‌ಬಡ್‌ಗಳ ಚಾರ್ಜ್ ಮುಗಿದು, ತಂಗಿಯ ದನಿ ಫೋನಿನ ಸ್ಪೀಕರಿನಿಂದ ಬರತೊಡಗಿತು. ಮುಂದಿನ ತಿರುವಿನಲ್ಲಿ ಕಾರು ಸಲೀಸಾಗಿ ಹೊರಳಿತು. ಅದರ ಮುಂದಿನದರಲ್ಲೂ ಹೊರಳಿತು!

"ಏ, ಬಾರೇ ಇಲ್ಲಿ! ಇದು ಮಾತು ಕೇಳ್ತಾ ಇದೆ!" ಅಕ್ಕ ಕೂಗಿದ ಕೂಗಿಗೆ ಸೊಸೆ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಓಡಿಬಂದಳು.

ವಿಷಯ ಕೇಳಿ ಹಣೆ ಚಚ್ಚಿಕೊಂಡಳು. "ಇಯರ್‌ಬಡ್ಡೂ ಬ್ಲೂಟೂತು, ಕಂಟ್ರೋಲರೂ ಬ್ಲೂಟೂತು. ನೀವು ಹಾಕ್ಕೊಂಡಿರೋ ವೈ-ಫೈ ಕೂಡ ಅದೇ ದಾರೀಲಿ ಓಡಾಡೋದು. ಒಂದೇ ಬಾಗಿಲಲ್ಲಿ ಮೂರು ಜನ ನುಗ್ಗಿದ್ರೆ ಏನಾಗುತ್ತೆ ಅತ್ತೆ?"

"ಹಾಗಾದ್ರೆ ಒಬ್ಬೊಬ್ಬರನ್ನೇ ಬೇರೆ ಬಾಗಿಲಿಗೆ ಕಳಿಸು!"

ರೂಟರಿನಲ್ಲಿ ಇನ್ನೊಂದು ವೈ-ಫೈ ಇತ್ತು, ಹೆಸರಿನ ಕೊನೆಗೆ ಐದು ಎಂದು ಬರೆದದ್ದು. ಅದು ಓಡಾಡುವ ದಾರಿ ಬೇರೆ. ಫೋನನ್ನು ಅದಕ್ಕೆ ಸೇರಿಸಿದರು. ಅದಕ್ಕೆ ವೇಗ ಇದ್ದರೂ ಗೋಡೆ ದಾಟುವ ತಾಕತ್ತು ಕಡಿಮೆ. ರೂಟರ್ ಇದ್ದದ್ದೋ ಒಳಮನೆಯಲ್ಲಿ, ಗೋಡೆಯಾಚೆ. ಸೊಸೆ ಅದನ್ನು ವೈರಿನ ಸಮೇತ ಎಳೆದು ತಂದು ಕತ್ತರಿಸುವ ಮೇಜಿನ ಮೇಲಿಟ್ಟಳು. ಫೋನಿನ ಬ್ಯಾಟರಿ ಉಳಿಸುವ ಗುಂಡಿ ಆನ್ ಆಗಿತ್ತು, ಅದೂ ಫೋನನ್ನು ನಿಧಾನ ಮಾಡುತ್ತದೆಂದು ಆರಿಸಿದಳು. ಕೊನೆಗೆ ತನ್ನದೊಂದು ಕೇಬಲ್ ತಂದು ಕಂಟ್ರೋಲರನ್ನು ನೇರ ಫೋನಿಗೇ ಚುಚ್ಚಿದಳು. "ಈಗ ಇದಕ್ಕೆ ಗಾಳಿಯ ಹಂಗೇ ಇಲ್ಲ."

ಅಕ್ಕ ಕಂಟ್ರೋಲರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಈಗಲೂ ಕಾರು ತಡವಾಗಿ ತಿರುಗಿದರೆ ತಪ್ಪು ಕೈಯದೇ, ಅನುಮಾನವಿಲ್ಲ.

ರೇಸ್ ಶುರುವಾಯಿತು. ಮೊದಲ ತಿರುವಿನಲ್ಲೇ ಢಮಾರ್! ಎರಡನೆಯದರಲ್ಲೂ ಢಮಾರ್. ಸೊಸೆಯ ಮುಖ ಸಪ್ಪಗಾಯಿತು. ಅಕ್ಕ ಕಂಟ್ರೋಲರನ್ನು ಮಡಿಲಿಗೆ ಇಳಿಸಿದಳು, ಕಣ್ಣು ಮಂಜಾಯಿತು.

ತಂಗಿಯ ದನಿ ಸ್ಪೀಕರಿನಲ್ಲಿ ಬಂತು. "ಇದೇನೇ ಅಕ್ಕಾ, ಇವತ್ತು ಒಳಗಿನ ಗೋಡೆಗೆ ಗುದ್ತಾ ಇದೀಯಾ? ನಿನ್ನದು ಯಾವಾಗಲೂ ಹೊರಗಿನ ಗೋಡೆ ತಾನೇ?"

ಅಕ್ಕ ಥಟ್ಟನೆ ತಲೆ ಎತ್ತಿದಳು. ಒಳಗಿನ ಗೋಡೆ! ತಿರುವು ಬರುವ ಮೊದಲೇ ತಿರುಗಿದರಲ್ಲವೇ ಅದಕ್ಕೆ ಗುದ್ದುವುದು? ದರ್ಜಿಗಳ ಚಾಳಿ ಬಿಡುತ್ತದೆಯೇ! ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚು ಬಿಡುವ ಹಾಗೆ, ಆಕೆ ಇಷ್ಟು ದಿನವೂ ತನಗೇ ತಿಳಿಯದೆ ಪ್ರತಿ ತಿರುವಿಗೂ ಅಂಚು ಬಿಟ್ಟು ಮುಂಚಿತವಾಗಿ ಒತ್ತುತ್ತಿದ್ದಳು. ಆ ಅಂಚನ್ನೂ ನುಂಗಿ ಮಿಗುವಷ್ಟು ತಡ ಗಾಳಿಯದು. ಇಯರ್‌ಬಡ್ ಆರಿದಾಗ ಉಳಿದ ತುಸು ತಡ ಅಂಚಿಗೆ ಸರಿಹೋಗಿತ್ತು, ಈಗ ತಡವೇ ಹೋಗಿ ಅಂಚು ಮಾತ್ರ ಉಳಿದಿತ್ತು.

"ಕೈ ತಡ ಅಲ್ಲವೇ ಅಲ್ಲ! ಮುಂಚೆ ಹೋಗ್ತಾ ಇದೆ ಕಣೇ, ಮುಂಚೆ!" ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಅತ್ತಳೋ ನಕ್ಕಳೋ ಸೊಸೆಗೆ ತಿಳಿಯಲಿಲ್ಲ. ತಬ್ಬಿಕೊಂಡದ್ದು ಮಾತ್ರ ನಿಜ.

ಆಮೇಲೆ ಅಂಚು ಬಿಡದೆ ಆಡಿದಳು. ತಿರುವು ಬಂದಾಗ ಒತ್ತಿದಳು, ಒತ್ತಿದಾಗ ಕಾರು ತಿರುಗಿತು. ಮೂರನೆಯ ರೇಸಿಗೆ ತಂಗಿ ಹಿಂದೆ ಬಿದ್ದು, "ನನ್ನ ವೈ-ಫೈ ಯಾಕೋ ಸರಿಯಿಲ್ಲ," ಎಂದಳು. ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಮಾರನೆಯ ಬೆಳಿಗ್ಗೆ ಒಬ್ಬ ಗಿರಾಕಿ ದುಬಾರಿ ಮಖಮಲ್ಲಿನ ಬಟ್ಟೆ ತಂದವರು, ಅದನ್ನು ಎದೆಗೆ ಅವಚಿಕೊಂಡೇ ನಿಂತರು.

"ಇನ್ನು ಮೇಲೆ ನಿಮ್ಮ ಸೊಸೆ ಕತ್ತರಿಸೋದಂತೆ?"

"ಯಾರು ಹೇಳಿದ್ದು?"

"ನೀವೇ ಹೇಳಿದ್ರಲ್ಲಮ್ಮಾ, ಹೋದ ವಾರ."

"ನಾನು ಹೇಳೋದನ್ನೆಲ್ಲ ನಂಬ್ತೀರಾ?" ಎಂದಳು ಕತ್ತರಿ ಅಕ್ಕ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. "ಕೊಡಿ ಇಲ್ಲಿ ಬಟ್ಟೆ."