ಸಾವಿನ ಮನೆಯ ಎಂಪಿ

ಡೆಲ್ರೋಸ್ ಪಿನ್ನಾಕ್ ಮೂರನೇ ಸಲ ಚುನಾವಣೆಗೆ ಯಾಕೆ ನಿಲ್ಲಲಿಲ್ಲ ಎಂದು ನಮ್ಮೂರು ಹಾಗ್ ಗಲ್ಲಿಯಲ್ಲಿ ಕೇಳಿ ನೋಡಿ, ತಲೆಗೊಂದು ಕಾರಣ ಸಿಗುತ್ತದೆ. ಸಕ್ಕರೆ ಕಾಯಿಲೆ ಅಂತ ಒಬ್ಬರು, ಪಕ್ಷದವರೇ ಕಾಲೆಳೆದರು ಅಂತ ಇನ್ನೊಬ್ಬರು, ಮಯಾಮಿಯಲ್ಲಿ ಗುಟ್ಟಾಗಿ ಮನೆ ಕಟ್ಟಿಸಿದ್ದಾಳೆ ಅಂತ ಮತ್ತೊಬ್ಬರು. ಮನೆ ಕಟ್ಟಿಸುವ ಮಾತು ಹಾಗಿರಲಿ, ಅವಳ ಕಾರಿನ ಹಿಂಬಾಗಿಲು ಹಗ್ಗ ಕಟ್ಟಿಸಿಕೊಂಡು ಓಡಾಡುತ್ತಿತ್ತು. ಅದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಎಂಪಿ ಆಗುವ ಮೊದಲು ಅವಳು ಬ್ರೆಡ್ ವ್ಯಾನ್ ಓಡಿಸುತ್ತಿದ್ದಳು. ಜಮೈಕಾದ ಪೂರ್ವದ ಈ ಗುಡ್ಡಗಳಲ್ಲಿ ಯಾವ ಮನೆಗೆ ಗಟ್ಟಿ ಬ್ರೆಡ್ಡು, ಯಾವ ಮನೆಗೆ ತೆಂಗಿನಕಾಯಿ ಬನ್ನು ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದಳು. ಮಳೆಗೆ ಹಳ್ಳದ ಸೇತುವೆ ಕೊಚ್ಚಿಹೋದ ವರ್ಷ, ಸಮೀಕ್ಷೆಗೆಂದು ಬಂದ ಮಂತ್ರಿಯ ಕಾರಿಗೆ ಅಡ್ಡಲಾಗಿ ವ್ಯಾನ್ ನಿಲ್ಲಿಸಿ ಮಂತ್ರಿಯ ನೀರಿಳಿಸಿದಳು. ವಿರೋಧ ಪಕ್ಷದವರಿಗೆ ಆ ಬಾಯಿ ಹಿಡಿಸಿತು, ಟಿಕೆಟ್ ಕೊಟ್ಟರು, ಗೆದ್ದಳು, ಅವಳ ಪಕ್ಷ ಸರ್ಕಾರವನ್ನೂ ಮಾಡಿತು. ಕಿಂಗ್‌ಸ್ಟನ್ನಿಗೆ ಹೋಗಿ ಸೇತುವೆಗಾಗಿ ಜಗಳವಾಡುವುದೇ ಎಂಪಿಯ ಕೆಲಸ ಎಂದು ಪಾಪ ಅವಳು ನಂಬಿದ್ದಳು.

ನಮ್ಮ ಕಡೆ ಎಂಪಿಯ ಕೆಲಸ ಬೇರೆಯೇ ಇದೆ. ಯಾರೇ ಸಾಯಲಿ, ಚರ್ಚಿನಲ್ಲಿ ಎಂಪಿ ಎದ್ದು ನಾಲ್ಕು ಮಾತಾಡದೆ ಪೆಟ್ಟಿಗೆಯ ಮುಚ್ಚಳ ಹಾಕುವುದಿಲ್ಲ. ಚರ್ಚಿನಲ್ಲಿ ಹಂಚುವ ಕಾಗದದಲ್ಲಿ ಕೇಳದೆಯೇ ಅವಳ ಹೆಸರನ್ನು ಅಚ್ಚು ಹಾಕಿಸಿರುತ್ತಾರೆ. ಬರಲಿಲ್ಲವೋ, ಆ ಮನೆತನದ ವೋಟು ಮೊಮ್ಮಕ್ಕಳ ಕಾಲದವರೆಗೂ ಎದುರು ಪಕ್ಷಕ್ಕೆ. ಸತ್ತವರು ಬದುಕಿದ್ದಾಗ ಒಂದು ಲೋಟ ನೀರು ಕೊಡದವರೂ ಎಂಪಿ ಬಂದಳೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಲೆಕ್ಕ ಹಾಕುತ್ತಾರೆ.

ಮೊದಮೊದಲು ಡೆಲ್ರೋಸ್ ಪ್ರತಿ ಮನೆಗೂ ಹೋಗಿ ಸತ್ತವರು ಎಂಥವರು ಎಂದು ವಿಚಾರಿಸಿ, ಜೊತೆಗೆ ಕೂತು ಅತ್ತು, ನಿಜವಾದ ಮಾತು ಆಡುತ್ತಿದ್ದಳು. ಒಂದೊಂದು ಶನಿವಾರಕ್ಕೆ ಮೂರು ಹೆಣ ಬೀಳತೊಡಗಿದಾಗ ಬ್ಯಾರಿಂಗ್ಟನ್ ಅವಳಿಗೆ ದಾರಿ ತೋರಿಸಿದ. ಬ್ಯಾರಿಂಗ್ಟನ್, ಎಲ್ಲರಿಗೂ ಬ್ಯಾರಿ, ಕ್ಷೇತ್ರದಲ್ಲಿ ಪಕ್ಷದ ಕೆಲಸ ನೋಡಿಕೊಳ್ಳುವವನು. ಇಸ್ತ್ರಿ ಅಂಗಿ, ಎರಡು ಫೋನು, ಎಲ್ಲರ ಹುಟ್ಟು ಸಾವು ಬಾಯಿಪಾಠ.

"ನೋಡು ಮಿಸ್ ಡೆಲ್," ಎಂದಿದ್ದ. "ಸರ್ಕಾರದ ಪರವಾಗಿ ಸಂತಾಪ ಅನ್ನು. ಊರಿನ ಆಧಾರಸ್ತಂಭ ಅನ್ನು. ಬಿರುಗಾಳಿಗೂ ಜಗ್ಗದ ಗೋಪುರ ಅನ್ನು. ಈ ಜಾಗ ಯಾರೂ ತುಂಬೋಕಾಗಲ್ಲ ಅಂತ ಮುಗ್ಸು. ಹೆಸರೊಂದು ಬದಲಾಯಿಸ್ಕೊಂಡ್ರೆ ಆಯ್ತು. ಕಳ್ಳನಿಗೂ ಒಪ್ಪುತ್ತೆ, ಪಾದ್ರಿಗೂ ಒಪ್ಪುತ್ತೆ."

ಒಪ್ಪಿತು. ಎರಡನೇ ಅವಧಿಯ ಹೊತ್ತಿಗೆ ಅವಳು ಚರ್ಚಿನ ಮೆಟ್ಟಿಲ ಮೇಲೆ ಬ್ಯಾರಿಯ ಕಿವಿಯಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಹೆಸರೇನು?" ನಮ್ಮ ಜನಕ್ಕೆ ನಾಮಕರಣದ ಹೆಸರು ಗೊತ್ತಿರುವುದೂ ಇಲ್ಲ. ಜೀವಮಾನವಿಡೀ ಪುಟ್ಟಿ, ಕರಿಯ, ಡುಮ್ಮ ಎಂದು, ಗೌರವಕ್ಕೆ ಹೆಂಗಸಿಗೆ ಮಿಸ್, ಗಂಡಸಿಗೆ ಮಾಸ್ ಸೇರಿಸಿ, ಕರೆದುಕೊಂಡು ತಿರುಗುತ್ತೇವೆ. ನಿಜವಾದ ಹೆಸರು ಹೊರಬೀಳುವುದು ಸತ್ತ ಮೇಲೆ, ಎಂಪಿಯ ಬಾಯಿಂದ.

ಅವಳನ್ನು ಸಾಕಿದವಳು ದೊಡ್ಡಮ್ಮ ಇಸಿಲ್ಡಾ. ಹೆತ್ತವಳು ಲಂಡನ್ನಿಗೆ ಹೋಗಿ ಒಂದಷ್ಟು ವರ್ಷ ಡ್ರಮ್ಮುಗಟ್ಟಲೆ ಬಟ್ಟೆಬರೆ ಕಳಿಸಿ, ಆಮೇಲೆ ಅದನ್ನೂ ನಿಲ್ಲಿಸಿದಳು. ಇಸಿಲ್ಡಾಳನ್ನು ಊರೆಲ್ಲ ಮಮ್ಸಿ ಎನ್ನುತ್ತಿತ್ತು. ಬಸ್ ನಿಲ್ದಾಣದಲ್ಲಿ ಹಿಟ್ಟಿನ ಉಂಡೆ ಕರಿದು ಡಂಪ್ಲಿಂಗ್ ಮಾರುತ್ತಿದ್ದಳು. ಬಾಯಿ ಹರಿತ, ಡಾಮಿನೋ ಆಟದಲ್ಲಿ ಹಾಡಹಗಲೇ ಮೋಸ, ಚರ್ಚಿನಲ್ಲಿ ಅಪಸ್ವರದ ಹಾಡು. ಡೆಲ್ರೋಸ್ ಬರಿಗಾಲಲ್ಲಿ ಬಂದಳೆಂದು ಹೆಡ್‌ಮಾಸ್ಟರು ಶಾಲೆಯಿಂದ ಹೊರಗೆ ಹಾಕಿದಾಗ ಮಮ್ಸಿ ಜಗಳಕ್ಕೆ ಹೋಗಲಿಲ್ಲ. ತಾನೂ ಚಪ್ಪಲಿ ಬಿಚ್ಚಿಟ್ಟು, ತಟ್ಟೆ ಸಮೇತ ಶಾಲೆಯ ಗೇಟಿನಲ್ಲಿ ಕೂತು, ಊರಿಗೆಲ್ಲ ಡಂಪ್ಲಿಂಗ್ ಮಾರಿದಳು, ಹೆಡ್‌ಮಾಸ್ಟರಿಗೊಬ್ಬನಿಗೆ ಮಾರಲಿಲ್ಲ. ವಾರವಿಡೀ ಆ ಪರಿಮಳ ಅವನ ಕೋಣೆಗೆ ನುಗ್ಗಿತು. ಕೊನೆಗೆ ಹುಡುಗಿಯನ್ನು ಒಳಗೆ ಸೇರಿಸಿ, ಹೊರಗೆ ಬಂದು ತಾನೇ ಕೈಯೊಡ್ಡಿದ.

ಡೆಲ್ರೋಸಳ ಎರಡನೇ ಅವಧಿ ಮುಗಿಯುವ ಹೊತ್ತಿಗೆ ಈ ಮಮ್ಸಿ ಹಾಸಿಗೆ ಹಿಡಿದಳು. ಡೆಲ್ರೋಸ್ ಪಕ್ಕದಲ್ಲಿ ಕೂತಿದ್ದಾಗ ಒಂದು ಸಂಜೆ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಏಯ್ ಹುಡುಗಿ, ನನ್ ಹೆಣದ ಮುಂದೆ ಏನ್ ಹೇಳ್ತೀಯ?"

"ದೊಡ್ಡಮ್ಮ, ಸುಮ್ನಿರು."

"ನಾ ಸುಮ್ನಿರೋ ದಿನ ದೂರ ಇಲ್ಲ, ಈಗ ಹೇಳು. ಆ ಕಂಬ, ಗೋಪುರ ಎಲ್ಲ ನಂಗೆ ಬೇಡ ಕಣೇ. ಕಂಡೋರ ಹೆಣಕ್ಕೆಲ್ಲ ಹೊದಿಸಿದ್ದನ್ನ ನಂಗೂ ಹೊದಿಸ್ಬೇಡ. ಆಟದಲ್ಲಿ ಮೋಸ ಮಾಡ್ತಿದ್ಲು ಅನ್ನು. ಹೆಡ್‌ಮಾಸ್ಟರ್ ನಾಲ್ಗೇಲಿ ನೀರು ಸುರಿಸಿದ್ಲು ಅನ್ನು. ಜನ ನಗ್ಬೇಕು. ಕಂಬ ಅಂದ್ಯೋ, ಪೆಟ್ಟಿಗೆಯಿಂದ ಎದ್ದು ಕೆನ್ನೆಗೆ ಬಾರಿಸ್ತೀನಿ."

"ನಿನ್ನಾಣೆ, ಹಾಗೇ ಹೇಳ್ತೀನಿ," ಎಂದಳು ಡೆಲ್ರೋಸ್. ಇಬ್ಬರೂ ನಕ್ಕರು. ಮುದುಕಿ ಜೀವನದಲ್ಲಿ ಅವಳಿಂದ ಬೇರೇನೂ ಕೇಳಿರಲಿಲ್ಲ.

ಅದೇ ವಾರ ಹೋಗಿಬಿಟ್ಟಳು. ಮೂರನೇ ಸಲ ನಿಲ್ಲುತ್ತೀಯೋ ಇಲ್ಲವೋ ಹೇಳು ಎಂದು ಪಕ್ಷ ಕೂತಿತ್ತು. ಸೇತುವೆ ಅರ್ಧ ಎದ್ದಿತ್ತು, ಇನ್ನೊಂದು ಅವಧಿ ಸಿಕ್ಕರೆ ಮುಗಿಸಬಹುದು ಎಂದು ಡೆಲ್ರೋಸಳ ಮನಸ್ಸು ನಿಲ್ಲುವ ಕಡೆಗೇ ಇತ್ತು. ಮಣ್ಣು ಮುಗಿಯಲಿ, ಭಾನುವಾರ ಹೇಳುತ್ತೇನೆ ಎಂದಳು. ಶನಿವಾರ ಮಧ್ಯಾಹ್ನ ಮಮ್ಸಿಯ ಮಣ್ಣು ಎಂದು ನಿಗದಿಯಾಯಿತು. ಬ್ಯಾರಿ ತಲೆ ಕೆರೆದುಕೊಂಡು ಬಂದ.

"ಮಿಸ್ ಡೆಲ್, ಅವತ್ತು ಬೆಳಿಗ್ಗೆ ಕಾಟನ್ ಟ್ರೀ ಊರಲ್ಲಿ ಇನ್ನೊಂದು ಮಣ್ಣಿದೆ. ಮಿಸ್ ಮ್ಯಾವಿಸ್ ಅಂತ. ಗುಡ್ಡದ ಆ ಕಡೆ ಪೂರ್ತಿ ಅವರದೇ ಸಂತಾನ."

"ಬ್ಯಾರಿ, ಅವತ್ತು ನಂದೇ ಮನೆ ಸಾವು. ಬರಲ್ಲ."

"ಐದು ನಿಮಿಷ. ಹೋಗೋದು, ಮಾತಾಡೋದು, ಬರೋದು. ನೀನು ಬರದೇ ಇದ್ರೆ ಅವರು ಪೆಟ್ಟಿಗೆ ಮುಚ್ಚಲ್ಲ, ಬಿಸಿಲಲ್ಲಿ ಹಾಗೇ ಕೂತಿರ್ತಾರೆ. ಮಮ್ಸಿ ಇದ್ದಿದ್ರೆ ಹೋಗು ಅಂತಿದ್ಲು."

ಮಮ್ಸಿ ಇದ್ದಿದ್ದರೆ ಅವನ ಮೇಲೆ ಕಾದ ಎಣ್ಣೆ ಎರಚುತ್ತಿದ್ದಳು. ಆದರೆ ಡೆಲ್ರೋಸ್ ಒಪ್ಪಿಕೊಂಡಳು. ವರ್ಷಗಟ್ಟಲೆ ಹೂಂ ಎಂದು ರೂಢಿಯಾದ ಬಾಯಿ ಅದು.

ಕಾಟನ್ ಟ್ರೀಯಲ್ಲಿ ಐದು ನಿಮಿಷ ಎಲ್ಲಿಯದು? ಮೊಮ್ಮಕ್ಕಳೆಲ್ಲ ಹಾಡಿದರು, ಅಮೆರಿಕದಿಂದ ಬಂದ ಮಗ ಅತ್ತು ಅತ್ತು ಮಾತಾಡಿದ, ಪಾದ್ರಿಗೆ ಮೈಮೇಲೆ ಬಂದಂತಾಯಿತು. ಕೊನೆಗೆ ಅವಳ ಸರದಿ ಬಂತು. ಕಂಬ, ಗೋಪುರ ಎಲ್ಲ ಹೇಳಿ, ಮ್ಯಾವಿಸ್ ಎಂಬ ಹೆಸರನ್ನು ಮೂರು ನಾಲ್ಕು ಕಡೆ ಜಾಗ ನೋಡಿ ಕೂರಿಸಿ, ಅಂಗಳದಲ್ಲಿ ಕೈ ಹಿಡಿದವರನ್ನೆಲ್ಲ ಬಿಡಿಸಿಕೊಂಡು, ಹಗ್ಗದ ಬಾಗಿಲಿನ ಕಾರಿನಲ್ಲಿ ಧೂಳೆಬ್ಬಿಸಿಕೊಂಡು ಬರುವ ಹೊತ್ತಿಗೆ ಇಲ್ಲಿ ಹಾಡು ಅರ್ಧ ಮುಗಿದಿತ್ತು.

ಚರ್ಚು ಕಿಕ್ಕಿರಿದಿತ್ತು. ಮಮ್ಸಿಗಾಗಿ ಬಂದವರು ಬೆರಳೆಣಿಕೆಯಷ್ಟು, ಎಂಪಿಯ ದೊಡ್ಡಮ್ಮನಿಗಾಗಿ ಬಂದವರು ಊರಿಗೂರೇ. ಒಳಗೆ ಕಾಲಿಟ್ಟವಳ ತೋಳು ಹಿಡಿದು ಒಬ್ಬಳು "ನನ್ ಛಾವಣಿ ತಗಡಿನ ವಿಷ್ಯ ಮರೀಬೇಡಮ್ಮ" ಎಂದಳು, ಇನ್ನೊಬ್ಬ ಮಗನ ಕೆಲಸದ ಮಾತೆತ್ತಿದ. ಪೆಟ್ಟಿಗೆಯ ಹತ್ತಿರ ಹೋಗುವಷ್ಟರಲ್ಲಿ ಅವಳಿಗೆ ಸಾಕಾಗಿತ್ತು. ಮಮ್ಸಿಯ ತುಟಿಗೆ ಯಾರೋ ಬಣ್ಣ ಹಚ್ಚಿದ್ದರು. ಅದು ಅವಳ ಮುಖವೇ ಅಲ್ಲ ಎನ್ನಿಸಿತು.

"ಈಗ ನಮ್ಮ ಮಾನ್ಯ ಸಂಸದರು ನಾಲ್ಕು ಮಾತಾಡುತ್ತಾರೆ," ಎಂದ ಪಾದ್ರಿ.

ಅವಳು ಎದ್ದು ನಿಂತಳು. ಹೆಡ್‌ಮಾಸ್ಟರಿನಿಂದ ಶುರು ಮಾಡಬೇಕು, ಎಲ್ಲರೂ ನಗಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಎದುರಿಗೆ ತಲೆಗಳು, ಕಪ್ಪು ಟೋಪಿಗಳು, ಬೀಸಣಿಗೆಗಳು. ಬಾಯಿ ತೆರೆದಳು.

"ಸರ್ಕಾರದ ಪರವಾಗಿ, ಈ ದುಃಖತಪ್ತ ಕುಟುಂಬಕ್ಕೆ ನನ್ನ ಸಂತಾಪಗಳು."

ಆ ಕುಟುಂಬ ಎಂದರೆ ಅವಳೊಬ್ಬಳೇ. ಆದರೂ ಜನ "ಆಮೆನ್" ಎಂದರು. ಅವಳಿಗೆ ತನ್ನ ದನಿ ಬೇರೆಯವರದ್ದೆಂಬಂತೆ ಕೇಳಿಸುತ್ತಿತ್ತು, ನಿಲ್ಲಿಸಲಾಗುತ್ತಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿಯದ ವ್ಯಾನಿನ ಹಾಗೆ ನಾಲಿಗೆ ತಾನೇ ತಾನಾಗಿ ಓಡಿತು. "ನಮ್ಮ ಪ್ರೀತಿಯ ಮ್ಯಾವಿಸ್ ಈ ಊರಿನ ಆಧಾರಸ್ತಂಭವಾಗಿದ್ದರು. ಬಿರುಗಾಳಿಗೂ ಜಗ್ಗದ ಗೋಪುರವಾಗಿದ್ದರು..."

"ಯಾರೇ ಅದು ಮ್ಯಾವಿಸ್?"

ಹಿಂದಿನ ಬೆಂಚಿನಿಂದ ಮಾಸ್ ಕ್ಲೀವ್‌ಲ್ಯಾಂಡ್ ಎದ್ದು ನಿಂತಿದ್ದ. ಮಮ್ಸಿಯ ಪಕ್ಕದ ಮನೆಯವನು, ನಲವತ್ತು ವರ್ಷ ಅವಳಿಂದ ಡಾಮಿನೋದಲ್ಲಿ ಮೋಸ ಹೋದವನು. ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಅವನೊಬ್ಬನೇ.

"ಪೆಟ್ಟಿಗೇಲಿರೋದು ಇಸಿಲ್ಡಾ! ಕಣ್ಣು ಕಾಣ್ಸಲ್ವಾ ನಿಂಗೆ?"

"ಶ್! ಕೂತ್ಕೊಳಯ್ಯಾ ಮುದ್ಕಾ!" ಎಂದರು ಸುತ್ತಲಿನವರು. "ಮಾನ್ಯರು ಮಾತಾಡ್ತಿದಾರೆ!"

"ಕಾಗದದಲ್ಲೂ ಇಸಿಲ್ಡಾ ಅಂತಾನೇ ಇದೆ ಕಣ್ರಯ್ಯಾ!"

"ಅಚ್ಚು ಹಾಕಿದೋನು ಎಡವಟ್ಟು ಮಾಡಿರ್ತಾನೆ. ಸ್ವಂತ ದೊಡ್ಡಮ್ಮನ ಹೆಸರು ಅವ್ಳಿಗೆ ಗೊತ್ತಿರಲ್ವಾ?"

ಇಬ್ಬರು ಗಂಡಸರು ಅವನ ಭುಜ ಒತ್ತಿ ಕೂರಿಸಿದರು. ಎಲ್ಲರ ಕೈಯಲ್ಲೂ ಇಸಿಲ್ಡಾಳ ಚಿತ್ರ, ಹೆಸರು ಇದ್ದ ಕಾಗದವಿತ್ತು. ಅದರಲ್ಲೇ ಗಾಳಿ ಹಾಕಿಕೊಳ್ಳುತ್ತ ಅವಳ ಕಡೆಗೆ ತಿರುಗಿದರು. ಆ ಗಳಿಗೆಯಲ್ಲಾದರೂ ತಪ್ಪಾಯಿತು ಎನ್ನಬಹುದಿತ್ತು. ನಾಚಿಕೆಗೆ ಅವಳ ಕಣ್ಣು ತುಂಬಿತು. ಆದರೂ ಬಾಯಿಂದ ಹೊರಬಂದದ್ದು "ಈ ಜಾಗವನ್ನು ಯಾರೂ ತುಂಬಲಾರರು" ಎಂಬ ಮಾತೇ. ಅವಳ ಕಣ್ಣೀರು ನೋಡಿ ಜನ ಚಪ್ಪಾಳೆ ತಟ್ಟಿದರು.

ಮಣ್ಣಾದ ಮೇಲೆ ಅಂಗಳದಲ್ಲಿ ಮೇಕೆ ಕರಿ, ಅನ್ನ, ಬಿಳಿ ರಮ್ಮು. ತಟ್ಟೆ ಹಿಡಿದುಕೊಂಡೇ ಸಾಲುಗಟ್ಟಿ ಬಂದು ಅವಳ ಕೈ ಕುಲುಕಿದರು. ಹಲ್ಲಿಲ್ಲದ ಒಬ್ಬ ಅಜ್ಜಿ ಅವಳ ಗಲ್ಲ ಹಿಡಿದು, "ಏನ್ ಮಾತಾಡ್ದೆ ತಾಯೀ! ನಾ ಸತ್ತಾಗ್ಲೂ ಇದೇ ಮಾತು ಹೇಳ್ಬೇಕು, ಒಂದಕ್ಷರ ಬಿಡ್ಬಾರ್ದು" ಎಂದಳು. ಅಜ್ಜಿಯ ಕಣ್ಣಲ್ಲಿ ನಿಜವಾದ ಆಸೆಯಿತ್ತು, ಅದೇ ಹೆಚ್ಚು ಉರಿಸಿತು.

ಜನ ಕರಗಿದ ಮೇಲೆ ಮಾಸ್ ಕ್ಲೀವ್‌ಲ್ಯಾಂಡ್ ಹಿತ್ತಲಲ್ಲಿ ದೊಡ್ಡ ಪಾತ್ರೆ ಉಜ್ಜುತ್ತಿದ್ದ. ಡೆಲ್ರೋಸ್ ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಮಾಸ್ ಕ್ಲೀವ್, ಬಾಯಿ ತಪ್ಪಿ ಬಂತು. ಬೆಳಿಗ್ಗೆ ಬೇರೆ ಕಡೆ..."

"ಗೊತ್ತು. ಬೇರೆ ಕಡೆ ಹೋಗಿದ್ದೆ."

"ನಿಜವಾದ ಮಾತು ಹೇಳ್ಬೇಕು ಅಂತಾನೇ ಇದ್ದೆ."

"ಈಗ ಹೇಳು," ಎಂದ ಮುದುಕ, ಕೈಯ ಬೂದಿ ಒರೆಸಿಕೊಳ್ಳುತ್ತ. "ಇಲ್ಲಿ ವೋಟು ಇಲ್ಲ, ಪಾದ್ರಿ ಇಲ್ಲ. ಇಸಿಲ್ಡಾ ಎಂಥೋಳು ಅಂತ ನಂಗೊಬ್ಬನಿಗೇ ಹೇಳು. ಕೇಳ್ತೀನಿ."

ಅವಳು ಉಸಿರೆಳೆದುಕೊಂಡಳು. ಡಂಪ್ಲಿಂಗ್ ತಟ್ಟೆ ಕಣ್ಣ ಮುಂದೆಯೇ ಇತ್ತು, ಶಾಲೆಯ ಗೇಟಿತ್ತು, ಮಮ್ಸಿಯ ಧೂಳು ಮೆತ್ತಿದ ಬರಿಗಾಲಿತ್ತು. "ದೊಡ್ಡಮ್ಮ ಈ ಊರಿನ..." ಎಂದಳು, ನಿಂತಳು. ಮತ್ತೆ ಶುರು ಮಾಡಿದಳು. "ಅವರು ಎಲ್ಲರಿಗೂ..." ಅದೂ ಹೆಣದ ಮುಂದಿನ ಮಾತೇ. ಇಷ್ಟು ವರ್ಷ ಸುಳ್ಳು ಹೊಗಳಿಕೆಯನ್ನು ತುಂಬಿ ತುಂಬಿ ನಿಜದ ಮಾತು ಎಲ್ಲಿ ಇಟ್ಟಿದ್ದಳೋ ಅವಳಿಗೇ ಸಿಗಲಿಲ್ಲ.

ಮುದುಕ ಕಾದ. ಆಮೇಲೆ ಬೂದಿ ತೆಗೆದುಕೊಂಡು ಮತ್ತೆ ಪಾತ್ರೆ ಉಜ್ಜತೊಡಗಿದ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂಗಳದಲ್ಲಿ ಬ್ಯಾರಿ ಫೋನು ಹಿಡಿದು ನಿಂತಿದ್ದ.

"ನಾನು ನಿಲ್ಲಲ್ಲ," ಎಂದಳು.

"ಒಂದು ಹೆಸರಿನ ವಿಷ್ಯಕ್ಕಾ? ಮಿಸ್ ಡೆಲ್, ಯಾರಿಗೂ ಗೊತ್ತೇ ಆಗ್ಲಿಲ್ಲ! ಆ ಮುದುಕನ ಮಾತು ಯಾರ್ ಕೇಳ್ತಾರೆ?"

"ಆ ಮುದುಕನೊಬ್ಬನೇ ಸಾವಿಗೆ ಬಂದಿದ್ದೋನು ಬ್ಯಾರಿ. ನೀನೂ ಬಂದಿರ್ಲಿಲ್ಲ, ನಾನೂ ಬಂದಿರ್ಲಿಲ್ಲ."

"ಸೇತುವೆ? ಅರ್ಧಕ್ಕೆ ಬಿಡ್ತೀಯಾ?"

ಅದು ಅವಳಿಗೆ ನಾಟಿತು. ಸೇತುವೆಯ ಆಚೆಗಿನ ಮನೆಗಳ ಬ್ರೆಡ್ಡು ಈಗಲೂ ಅವಳಿಗೆ ನೆನಪಿತ್ತು. ಆದರೆ ಒಂದು ಬಾಣಲಿ ಗಾರೆಗೆ ಎಷ್ಟು ಹೆಣ ಹೊರಬೇಕು ಎಂದು ಅವಳಿಗೆ ಈಗ ಗೊತ್ತಿತ್ತು. "ನೀನೇ ಕಟ್ಟಿಸು," ಎಂದಳು. "ಭಾಷಣ ನಿಂದೇ ಅಲ್ವಾ."

ಬ್ಯಾರಿ ಬೇಸರಪಟ್ಟುಕೊಂಡ, ಬಹಳ ಹೊತ್ತೇನಲ್ಲ. ಟಿಕೆಟ್ ಅವನಿಗೇ ಸಿಕ್ಕಿತು. ಪತ್ರಿಕೆಯವರಿಗೆ ಕಾರಣ ಏನು ಹೇಳುವುದು ಎಂದು ಕೇಳಿದಾಗ ಅವಳು ಏನಾದರೂ ಹೇಳಿಕೋ ಎಂದಳು, ಅವನು ಹೇಳಿಕೊಂಡ.

ಆ ವಾರವೇ ಡೆಲ್ರೋಸ್ ಮಿಸ್ ಪನ್ಸಿಯ ಅಂಗಡಿಯಲ್ಲಿ ಬ್ರೆಡ್ಡಿಗೆ ನಿಂತಿದ್ದಾಗ ರೇಡಿಯೋ ಅದನ್ನು ಓದಿತು: ಸಂಸದೆ ಡೆಲ್ರೋಸ್ ಪಿನ್ನಾಕ್ ಮತ್ತೆ ಸ್ಪರ್ಧಿಸುವುದಿಲ್ಲ, ಇನ್ನು ಮುಂದೆ ತಮ್ಮ ಕುಟುಂಬಕ್ಕೆ ಹೆಚ್ಚು ಸಮಯ ಕೊಡಲು ಬಯಸಿದ್ದಾರೆ.

ಅಂಗಡಿಯಲ್ಲಿದ್ದವರು ಕಿಸಕ್ಕೆಂದರು. ಮಿಸ್ ಪನ್ಸಿ ಮಾತ್ರ ಕನಿಕರದಿಂದ ತಲೆಯಾಡಿಸಿದಳು. "ಯಾವ ಕುಟುಂಬಾನಮ್ಮಾ, ಇದ್ದೋಳು ಒಬ್ಬಳು, ಅವಳ್ನೂ ಮೊನ್ನೆ ಮಣ್ಣು ಮಾಡಿದ್ದಾಯ್ತು. ಪಾಪ, ಇಷ್ಟು ವರ್ಷ ಮಮ್ಸಿ ಮಮ್ಸಿ ಅಂತಿದ್ವಿ, ಮ್ಯಾವಿಸ್ ಅನ್ನೋ ಚೆಂದದ ಹೆಸರಿದೆ ಅಂತಾನೇ ಗೊತ್ತಿರ್ಲಿಲ್ಲ."

"ಇಸಿಲ್ಡಾ," ಎಂದಳು ಡೆಲ್ರೋಸ್. "ಅವಳ ಹೆಸರು ಇಸಿಲ್ಡಾ."

"ಅಯ್ಯೋ, ಎಲ್ಲರ ಮುಂದೆ ನೀನೇ ಹೇಳಿದ್ಯಲ್ಲಮ್ಮಾ."

"ತಪ್ಪು ಹೇಳ್ದೆ."

ಮಿಸ್ ಪನ್ಸಿ ಅವಳ ಕೈ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದಳು. "ದುಃಖ ಅಂದ್ರೆ ಹಾಗೇನೇ, ತಲೆ ಗೊಂದ್ಲ ಮಾಡ್ಬಿಡುತ್ತೆ. ಮನೆಗೋಗಿ ಮಲಗು ತಾಯೀ," ಎಂದು ಬ್ರೆಡ್ಡು ಸುತ್ತಿ ಕೊಟ್ಟು, ಹಿಂದೆ ನಿಂತಿದ್ದವನಿಗೆ ಏನು ಬೇಕೆಂದು ಕೇಳಿದಳು.